ಮುಂಡರಗಿಯ ಗಿರಾಕಿ

ಜೋಳದ ರೊಟ್ಟಿ ಮಾಡುವ ಯಂತ್ರವನ್ನು ಗದಗ ಜಿಲ್ಲೆಯ ಹೆಣ್ಣುಮಕ್ಕಳಿಗೆ ಮಾರಬಹುದು ಎಂದು ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ, ಅವನು ಒಂದು ದಿನವಾದರೂ ಈ ಕಡೆ ಬಂದು ಒಲೆಯ ಮುಂದೆ ಕುಳಿತು ಎದ್ದುಹೋಗಬೇಕಿತ್ತು. ಇಲ್ಲಿಯ ಹೆಂಗಸರು ಮಾತಾಡುತ್ತ, ಮಕ್ಕಳನ್ನು ಬೈಯುತ್ತ, ಟಿವಿಯ ಧಾರಾವಾಹಿಯನ್ನು ಓರೆಗಣ್ಣಿನಲ್ಲಿ ನೋಡುತ್ತ ರೊಟ್ಟಿ ಬಡಿಯುವವರು. ಅವರ ಮುಂದೆ ಯಂತ್ರ ಇಟ್ಟು, ಹಿಟ್ಟಿನ ಉಂಡಿ ಇಟ್ಟು, ಹಿಡಿಕೆ ಒತ್ತಿ, "ನೋಡ್ರಿ ಅಕ್ಕಾರ, ಎಷ್ಟ ಜಲ್ದಿ ಆತು" ಎಂದರೆ ಅವರು ನೋಡುತ್ತಾರೆ, ನಗುತ್ತಾರೆ, ಚಹಾ ಕೊಡುತ್ತಾರೆ. ಊಟದ ಹೊತ್ತಾಗಿದ್ದರೆ ತಮ್ಮ ಕೈಯಿಂದ ಬಡಿದ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, "ಉಣ್ಣು ತಮ್ಮಾ, ಬಿಸಲಾಗ ತಿರಗ್ಯಾಡಿ ಬಂದಿ" ಎಂದು ಮುಂದಿಡುತ್ತಾರೆ. ಯಂತ್ರ ಮಾತ್ರ ಯಾರೂ ಕೊಳ್ಳುವುದಿಲ್ಲ.

ಸಿದ್ದಲಿಂಗೇಶ ಆ ರೊಟ್ಟಿಯನ್ನು ತಿಂದು, ಯಂತ್ರವನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಬೈಕಿನ ಹಿಂದೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದ. ಉಂಡ ಮನೆಯಲ್ಲಿ ಜೋರು ಮಾಡಿ ಮಾತಾಡುವುದು ಅವನಿಂದ ಆಗುತ್ತಿರಲಿಲ್ಲ. ಅವನ ದೊಡ್ಡ ದೋಷ ಅದೇ ಎಂದು ಮ್ಯಾನೇಜರ್ ವಿಶಾಲ ಎಲ್ಲರೆದುರು ಹೇಳಿದ್ದ.

ಮಾರುವ ಕೆಲಸವನ್ನು ಸಿದ್ದಲಿಂಗೇಶ ಬಯಸಿ ಪಡೆದದ್ದಲ್ಲ. ಬೆಟಗೇರಿಯ ಮನೆಯಿಂದ ದಿನವೂ ಗದಗಿನ ಒಂದು ಪ್ರೆಸ್ಸಿಗೆ ಹೋಗಿ ಪ್ರೂಫ್ ತಿದ್ದುತ್ತಿದ್ದವನು. ಜನ ಲಗ್ನಪತ್ರಿಕೆಯನ್ನೂ ಮೊಬೈಲಿನಲ್ಲೇ ಕಳಿಸಲು ಕಲಿತ ಮೇಲೆ ಪ್ರೆಸ್ಸಿನ ಮಾಲೀಕರು ಇವನನ್ನು ಕೂರಿಸಿಕೊಂಡು, ಚಹಾ ತರಿಸಿ, ಬೇರೆ ಕಡೆ ನೋಡಿಕೋ ಎಂದರು. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅವ್ವ ಸುಮಿತ್ರವ್ವ ಮತ್ತು ಅವನು, ಇಬ್ಬರೇ. ಮೇ ತಿಂಗಳಲ್ಲಿ ಈ ಕಂಪನಿಗೆ ಸೇರಿದ. ಜುಲೈ ಕೊನೆಯೊಳಗೆ ಒಂದಾದರೂ ಯಂತ್ರ ಮಾರಿದರೆ ನೌಕರಿ ಖಾಯಂ, ಇಲ್ಲದಿದ್ದರೆ ಯಂತ್ರವನ್ನು ಆಫೀಸಿನಲ್ಲಿಟ್ಟು ಮನೆಗೆ ಹೋಗಬೇಕು.

ಕಂಪನಿಯವರು ವಾಟ್ಸಾಪ್ ಗುಂಪಿಗೆ ಹುಲಿಗಳ ಹೆಸರಿಟ್ಟಿದ್ದರು. ಹುಬ್ಬಳ್ಳಿಯಿಂದ ವಿಶಾಲ ದಿನಾ ಬೆಳಿಗ್ಗೆ ಅಲ್ಲಿ ಒಂದು ಉಪದೇಶ ಹಾಕುತ್ತಿದ್ದ, ಸಂಜೆ ಯಾರು ಎಷ್ಟು ಮಾರಿದರೆಂದು ಹಾಕುತ್ತಿದ್ದ. ಸಿದ್ದಲಿಂಗೇಶನ ಹೆಸರಿನ ಮುಂದೆ ಕೆಂಪು ಸೊನ್ನೆ. ನಡುನಡುವೆ ಫೋನು. ಎಲ್ಲಿದ್ದೀ, ಯಾರ ಮನೆ, ಫೋಟೊ ಹಾಕು. ಜೇಬಿನಲ್ಲಿ ಫೋನು ನಡುಗಿದರೆ ಸಿದ್ದಲಿಂಗೇಶ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಡುತ್ತಿದ್ದ. ಆಮೇಲಾಮೇಲೆ ಫೋನು ಬಾರದಿದ್ದಾಗಲೂ ನಡುಗಿದಂತೆ ಅನಿಸಿ ತೊಡೆ ಮುಟ್ಟಿ ನೋಡಿಕೊಳ್ಳತೊಡಗಿದ. ಉಪದೇಶ ಕೊಡುವ ಮಂದಿಯ ಬಳಿ ಇದಕ್ಕೊಂದು ಇಂಗ್ಲಿಷ್ ಹೆಸರು ಇರಬಹುದು. ಸಿದ್ದಲಿಂಗೇಶನಿಗೆ ಗೊತ್ತಿದ್ದದ್ದು ಇಷ್ಟೇ: ಅವನಿಗೆ ಬೆಳಗಾಗುವುದು ಬೇಡವಾಗಿತ್ತು.

ಒಂದು ದಿನ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ನೀರು ಕುಡಿಯಲೆಂದು ಹೋಗಿ ಕುಳಿತವನಿಗೆ ಏಳಲು ಆಗಲಿಲ್ಲ. ಕಾಲಿಗೇನೂ ಆಗಿರಲಿಲ್ಲ. ಎದ್ದು ಇನ್ನೊಂದು ಓಣಿಗೆ ಹೋಗಿ, ಇನ್ನೊಂದು ಬಾಗಿಲು ಬಡಿದು, "ಅಕ್ಕಾರ, ಐದ ನಿಮಿಷ" ಎನ್ನಬೇಕಲ್ಲ ಎಂದು ನೆನೆದರೆ ಸಾಕು, ಮೈ ಕಲ್ಲಾಗುತ್ತಿತ್ತು. ಶಿರಹಟ್ಟಿಯ ಬಸ್ಸು ಬಂತು, ಹೋಯಿತು, ಮತ್ತೊಂದು ಬಂತು. ಪಕ್ಕದಲ್ಲಿ ಕುಳಿತಿದ್ದ ರಸೂಲಬಿ ಎಂಬ ಬಳೆ ಮಾರುವ ಮುದುಕಿ ಅವನನ್ನೂ ಅವನ ಪೆಟ್ಟಿಗೆಯನ್ನೂ ಬಹಳ ಹೊತ್ತು ನೋಡಿ, "ಹೊಸದಾಗಿ ಯಾಪಾರಕ್ಕ ಇಳದಿಯೇನಪಾ?" ಎಂದು ಕೇಳಿದಳು.

"ಹೌದ್ರಿ."

"ನಿನ್ನ ಮಾರಿ ನೋಡಿದ್ರ ತಿಳೀತೈತಿ. ನಮ್ಮ ಮಾಲು ಬ್ಯಾಡಂದ್ರ ಅದು ಮಾಲಿಗೆ ಅಂದಿದ್ದು. ನೀ ಅದನ್ನ ನಿನಗ ಅಂದ್ರು ಅಂತ ಮನಸಿಗೆ ಹಚಗೊಳ್ಳಾಕತ್ತಿ."

ಒಳ್ಳೆಯ ಮಾತು. ಕೇಳಿ ಸಿದ್ದಲಿಂಗೇಶನಿಗೆ ಕಣ್ಣಲ್ಲಿ ನೀರು ಬಂತೇ ಹೊರತು ಎದ್ದು ನಿಲ್ಲುವ ಧೈರ್ಯ ಬರಲಿಲ್ಲ. ಬೆಟಗೇರಿಗೆ ಹೋಗಿ ಅವ್ವನಿಗೆ, "ಇವತ್ತ ಛಲೋ ಆತವ್ವ, ನಾಕೈದು ಮಂದಿ ತಗೋತೀನಿ ಅಂದಾರ" ಎಂದು ಹೇಳಿ ಉಂಡು ಮಲಗಿದ.

ಜುಲೈ ಕೊನೆಯ ವಾರದಲ್ಲೇ ಪಂಚಮಿ ಬಂದಿತ್ತು. ಈ ಸೀಮೆಯಲ್ಲಿ ಪಂಚಮಿ ಎಂದರೆ ಹಾವಿಗೆ ಹಾಲೆರೆಯುವುದಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಹಾಲೆರೆಯುವುದಕ್ಕಿಂತ ಮೊದಲೇ ರೊಟ್ಟಿ ಹಬ್ಬ. ಮನೆಮನೆಗಳಲ್ಲಿ ಎಳ್ಳು ಹಚ್ಚಿದ ಕಡಕ್ ರೊಟ್ಟಿಗಳನ್ನು ಮಾಡಿ, ಓಣಿಯವರಿಗೆಲ್ಲ ಹಂಚಿ, ಅವರು ಕೊಟ್ಟದ್ದನ್ನು ತಿನ್ನುವುದು. ಅದಕ್ಕೆ ಮುಂಚೆ ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಯಾರೂ ಕರೆಯಲು ಬಾರದ ಹೆಣ್ಣುಮಗಳನ್ನು ಗಂಡನ ಊರಿನ ಓಣಿ ಸುಮ್ಮನೆ ಬಿಡುವುದಿಲ್ಲ. ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ, "ಯಾಕ, ನಿಮ್ಮಣ್ಣ ಬರಲಿಲ್ಲೇನು?" ಎಂದು ಕೇಳುತ್ತದೆ.

ಸಿದ್ದಲಿಂಗೇಶನ ತಂಗಿ ವಿದ್ಯಾಶ್ರೀಯನ್ನು ಮುಂಡರಗಿಗೆ ಕೊಟ್ಟಿತ್ತು. ಹೋದ ವರ್ಷ ಆ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರಿಂದ ಹಬ್ಬವಿರಲಿಲ್ಲ, ಅವಳು ಬಂದಿರಲಿಲ್ಲ. ಈ ವರ್ಷ ಅವಳು ಆಷಾಢದಿಂದಲೇ ಫೋನಿನಲ್ಲಿ ಕೇಳುತ್ತಿದ್ದಳು. ಸುಮಿತ್ರವ್ವ ಶೇಂಗಾ ಉಂಡಿ, ಎಳ್ಳು ಉಂಡಿ ಕಟ್ಟಿ ಡಬ್ಬಿ ತುಂಬಿಸಿದ್ದಳು. ಪಕ್ಕದ ಮನೆಯ ಬೇವಿನ ಮರಕ್ಕೆ ಜೋಕಾಲಿ ಹಾಕಿಸುವಂತೆ ಅವರಿಗೂ ಹೇಳಿ ಬಂದಿದ್ದಳು.

"ರೊಟ್ಟಿ ಹಬ್ಬಕ್ಕ ಆಕಿ ಮನ್ಯಾಗಿರಬೇಕು ನೋಡು ಸಿದ್ದು," ಎಂದಳು. "ಮತ್ತ ಒಂದು ಮಾತು. ಬೀಗರ ಮನ್ಯಾಗ ನಿನ್ನ ಯಂತ್ರದ ಸುದ್ದಿ ತಗೀಬ್ಯಾಡ. ಹೆಣ್ಣು ಕೊಟ್ಟವ್ರು ನಾವು. ಅವರ ಮುಂದ ಹೋಗಿ ತಗೋರಿ ತಗೋರಿ ಅಂದ್ರ ನಾಳಿ ಅದನ್ನ ಅನಸಿಕೊಳ್ಳಾಕಿ ಆಕಿ."

"ನನಗ ಅಷ್ಟೂ ತಿಳ್ಯಾಂಗಿಲ್ಲೇನವ್ವ?" ಎಂದ ಸಿದ್ದಲಿಂಗೇಶ. ಆಗ ಅವನು ಮನಸ್ಸಿನಿಂದಲೇ ಹೇಳಿದ್ದ.

ವಿಶಾಲನಿಗೆ ರಜೆ ಕೇಳಿದ. ವಿಶಾಲ ನಕ್ಕ. ವರ್ಷದಲ್ಲಿ ರೊಟ್ಟಿ ಅತಿ ಹೆಚ್ಚು ಆಗುವ ವಾರದಲ್ಲಿ ರೊಟ್ಟಿ ಯಂತ್ರ ಮಾರುವವನಿಗೆ ರಜೆಯೇ? "ಮುಂಡರಗಿಗೆ ಹೋಗೂದಿದ್ರ ಡ್ಯೂಟಿ ಮ್ಯಾಲ ಹೋಗು. ಮಾರಿದ್ರ ಖಾಯಂ. ಮಾರಲಿಲ್ಲಂದ್ರ ಹಂಗ ಯಂತ್ರ ತಂದು ಆಫೀಸಿನ್ಯಾಗ ಇಟ್ಟುಬಿಡು, ರಜಾ ಕೇಳೂ ತ್ರಾಸು ಇರೂದಿಲ್ಲ," ಎಂದ. ಹೀಗಾಗಿ ಸಿದ್ದಲಿಂಗೇಶ ಎರಡೂ ಕೆಲಸವನ್ನು ಒಂದೇ ಪ್ರಯಾಣದಲ್ಲಿ ಮುಗಿಸಲು ಹೊರಟ. ಬೆಳಿಗ್ಗೆ ಪೇಟೆಯಲ್ಲಿ ಯಂತ್ರ ಮಾರುವುದು, ಮಧ್ಯಾಹ್ನ ತಂಗಿಯನ್ನು ಬಸ್ಸಿಗೆ ಹತ್ತಿಸಿ ತಾನು ಬೈಕಿನಲ್ಲಿ ಹಿಂದೆ ಬರುವುದು.

ಡಂಬಳ ದಾಟುವವರೆಗೂ ಗಾಳಿ ಎದುರಿಗಿತ್ತು. ರಸ್ತೆಯ ಎರಡೂ ಕಡೆ ಹೆಸರಿನ ಬೆಳೆ ಹೂ ಬಿಟ್ಟಿತ್ತು. ಬೇರೆ ಯಾವ ವರ್ಷವಾಗಿದ್ದರೂ ಸಿದ್ದಲಿಂಗೇಶ ಒಂದು ಗಳಿಗೆ ನಿಂತು ನೋಡುತ್ತಿದ್ದ. ಈಗ ಗಾಡಿಯ ಮೇಲೆ ಕುಳಿತು, ಕಂಪನಿಯವರು ಕಲಿಸಿದ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದ. ಎದುರು ಬಂದ ಟ್ರ್ಯಾಕ್ಟರಿನವನು ಇವನ ಬಾಯಿ ಅಲ್ಲಾಡುವುದನ್ನು ನೋಡಿ ತಿರುಗಿ ತಿರುಗಿ ನೋಡಿದ.

ಮುಂಡರಗಿಯ ಪೇಟೆಯಲ್ಲಿ ಏನೂ ಆಗಲಿಲ್ಲ. ಒಂದು ಖಾನಾವಳಿಯ ಕೊಟ್ರೇಶ ಎಂಬ ಮಾಲೀಕ ಯಂತ್ರವನ್ನು ಎರಡು ಸಲ ಒತ್ತಿ ನೋಡಿ, "ಛಲೋ ಐತಿ. ಆದ್ರ ರೊಟ್ಟಿ ಬಡಿಯಾಕ ಬರೂ ಹೆಣ್ಣುಮಕ್ಕಳಿಗೆ ನಾಳಿಂದ ಬರಬ್ಯಾಡ್ರಿ ಅಂತ ನೀ ಹೇಳ್ತೀಯೋ, ನಾ ಹೇಳಲೋ?" ಎಂದ. ಸಿದ್ದಲಿಂಗೇಶ ಯಂತ್ರವನ್ನು ಪೆಟ್ಟಿಗೆಗೆ ಹಾಕಿಕೊಂಡ. ಉಳಿದವರು ಹಬ್ಬ ಮುಗಿಯಲಿ ನೋಡೋಣ ಎಂದರು. ಹಬ್ಬ ಮುಗಿದರೆ ಜುಲೈ ಮುಗಿಯುತ್ತದೆ ಎಂದು ಅವರಿಗೇನು ಗೊತ್ತು? ಹೊತ್ತು ಏರಿತು. ಯಂತ್ರದ ಸಮೇತ ತಂಗಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದ.

ಪೆಟ್ಟಿಗೆಯನ್ನು ಬೀದಿಯಲ್ಲಿ ಬಿಡುವಂತಿರಲಿಲ್ಲ. ಕಳೆದುಹೋದರೆ ಕಂಪನಿ ಇವನ ತಲೆಗೆ ಕಟ್ಟುತ್ತಿತ್ತು. ಬಿಚ್ಚಿ ತಂದು ಪಡಸಾಲೆಯ ಮೂಲೆಯಲ್ಲಿ, ಆದಷ್ಟು ಕಣ್ಣಿಗೆ ಬೀಳದ ಹಾಗೆ ಇಟ್ಟ.

ವಿದ್ಯಾಶ್ರೀ ನೀರಿನ ತಂಬಿಗೆ ಹಿಡಿದುಕೊಂಡು ಬಂದಳು. ತಲೆ ಬಾಚಿ, ಹೂ ಮುಡಿದು, ಒಳ್ಳೆಯ ಸೀರೆ ಉಟ್ಟಿದ್ದಳು. ಒಳಕೋಣೆಯ ಬಾಗಿಲ ಬಳಿ ಅವಳ ಬ್ಯಾಗು ಆಗಲೇ ಸಿದ್ಧವಾಗಿ ನಿಂತಿತ್ತು.

"ಮುಂಜಾನಿಂದ ಎಷ್ಟ ಸರ್ತಿ ಬಾಗಲಾ ನೋಡೀನಿ ಗೊತ್ತೈತೇನು?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಯಾಕಣ್ಣ, ಇಷ್ಟ್ಯಾಕ ಸೊರಗೀದಿ?"

"ಬಿಸಲು," ಎಂದ ಅವನು.

ಅವಳ ಮಾವ ಪುಂಡಲೀಕಪ್ಪ ಅಂಗಡಿಯಿಂದ ಊಟಕ್ಕೆ ಬಂದರು. ಪೇಟೆಯಲ್ಲಿ ಅವರದು ಕಿರಾಣಿ ಅಂಗಡಿ. ಕೆಟ್ಟ ಮನುಷ್ಯರಲ್ಲ, ಸೊಸೆಯನ್ನು ಬೈದವರಲ್ಲ. ಅಂಗಡಿಯನ್ನು ಮಾತ್ರ ತಲೆಯಿಂದ ಕೆಳಗಿಳಿಸಿ ಬರುತ್ತಿರಲಿಲ್ಲ. ಸುಮಿತ್ರವ್ವ ಕಳಿಸಿದ ಉಂಡಿಗಳನ್ನು ನೋಡಿ ಸಂತೋಷಪಟ್ಟರು, ಬೀಗಿತ್ತಿಯ ಆರೋಗ್ಯ ಕೇಳಿದರು, ಮಗ ಮಾಂತೇಶ, ವಿದ್ಯಾಶ್ರೀಯ ಗಂಡ, ಮಾಲು ತರಲು ಹುಬ್ಬಳ್ಳಿಗೆ ಹೋಗಿದ್ದಾನೆಂದು ಹೇಳಿದರು. ಕೈ ತೊಳೆಯಲು ಎದ್ದವರ ಕಣ್ಣು ಮೂಲೆಗೆ ಹೋಯಿತು.

"ಏನದು ತಮ್ಮಾ, ಪೆಟಗಿ?"

"ಏನಿಲ್ರಿ ಮಾವಾರ. ಕಂಪನಿದು."

"ಕಂಪನಿದು ಅಂದ್ರ?"

ಇಲ್ಲಿಗೆ ಮಾತು ನಿಲ್ಲಿಸಬಹುದಿತ್ತು. ಸರ್ವಿಸಿಗೆ ಒಯ್ಯುತ್ತಿದ್ದೇನೆ ಎಂದಿದ್ದರೆ ಆ ಮುದುಕರು ಮತ್ತೆ ಕೇಳುತ್ತಿರಲಿಲ್ಲ. ಆದರೆ ಅದೇ ಗಳಿಗೆಗೆ ಸಿದ್ದಲಿಂಗೇಶನ ಜೇಬಿನಲ್ಲಿ ಫೋನು ನಡುಗಿತು. ಆಮೇಲೆ ಬಾಯಿ ತೆರೆದದ್ದು ಅವನೇ ಹೌದು, ಆದರೆ ಮೂರು ತಿಂಗಳು ಯಾವ ಮನೆಯಲ್ಲೂ ಬಾರದ ಮಾತು ಎಲ್ಲಿಂದಲೋ ಹರಿದು ಬಂತು.

"ರೊಟ್ಟಿ ಯಂತ್ರರಿ ಮಾವಾರ. ನಿಮ್ಮ ಅಂಗಡಿಗೆ ಕಡಕ್ ರೊಟ್ಟಿ ಎಲ್ಲಿಂದ ಬರ್ತಾವ್ರಿ?"

"ಗದಗಿನಿಂದ."

"ಬರೂದ್ರಾಗ ಅರ್ಧ ಮುರದಿರ್ತಾವ, ಹೌದಿಲ್ರಿ? ಇದು ಮನ್ಯಾಗಿದ್ರ ಹೊರಗಿಂದ ತರಸೂದ ಬ್ಯಾಡ. ಎಲ್ಲಾರ ಕೈಲೆ ಆಗೂದಿಲ್ಲ ಖರೆ. ಹಿಟ್ಟು ಹದಾ ಇರಬೇಕು. ನಮ್ಮ ವಿದ್ಯಾ ಹಿಟ್ಟು ನಾದಿದ್ಲಂದ್ರ ಅಂಚು ಒಂದೂ ಸೀಳಂಗಿಲ್ರಿ. ಬೆಟಗೇರ್ಯಾಗ ಯಾರ ಮನ್ಯಾಗ ಕಾರ್ಯ ಇದ್ರೂ ರೊಟ್ಟಿಗೆ ಆಕೀನ ಕರೀತಿದ್ರು. ಆಕಿ ಕೈ, ಈ ಯಂತ್ರ, ನಿಮ್ಮ ಅಂಗಡಿ. ರೊಟ್ಟಿ ಹಬ್ಬಕ್ಕ ಮಂದಿ ಸಾಲು ಹಚ್ಚಿ ಒಯ್ತಾರ್ರಿ."

ಅಡುಗೆಮನೆಯ ಬಾಗಿಲಲ್ಲಿ ವಿದ್ಯಾಶ್ರೀ ನಿಂತು ಕೇಳುತ್ತಿದ್ದಳು. ಅಣ್ಣ ತನ್ನ ಕೈಗಳನ್ನು ಇಷ್ಟು ಹೊಗಳಿದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಮೊದಲು ಅವಳಿಗೆ ನಗು ಬಂತು.

ಪುಂಡಲೀಕಪ್ಪ ಯಂತ್ರವನ್ನು ತೆಗೆಸಿ ನೋಡಿದರು. ಹಿಟ್ಟು ತರಿಸಿದರು. ವಿದ್ಯಾಶ್ರೀಯೇ ನಾದಿಕೊಟ್ಟಳು, ಸಿದ್ದಲಿಂಗೇಶ ಒತ್ತಿದ, ಅವಳು ಹಂಚಿನ ಮೇಲೆ ಹಾಕಿದಳು. ರೊಟ್ಟಿ ಉಬ್ಬಿತು. ಒಪ್ಪಿದ್ದಾಯಿತು, ಅಂಗಡಿಯ ಹೆಸರಿಗೆ ರಸೀದಿ ಬರೆದದ್ದೂ ಆಯಿತು. ಆಮೇಲೆ ಪುಂಡಲೀಕಪ್ಪ ಬಹಳ ಸಮಾಧಾನದಿಂದ ಹೇಳಿದರು:

"ಆತು ತಮ್ಮಾ. ಆದ್ರ ವಿದ್ಯಾನ್ನ ಈಗ ಕಳಸಾಕ ಬರೂದಿಲ್ಲ. ರೊಟ್ಟಿ ಗಿರಾಕಿ ಬರೂದ ಈ ವಾರ. ಇದನ್ನ ಯಾರು ನಡಸಬೇಕು? ನಮ್ಮ ಮನ್ಯಾಕಿಗೆ ಮೊಣಕಾಲು ಬ್ಯಾನಿ, ಕೂತ್ರ ಏಳಾಕ ಬರೂದಿಲ್ಲ. ಆಕಿ ಕೈಲೇನ ಆಗಬೇಕು ಅಂತ ನೀನ ಹೇಳಿದಿ. ಹಬ್ಬ ಆದ ಮ್ಯಾಲ ಬಂದು ಕರಕೊಂಡು ಹೋಗು. ಬೇಕಾದಷ್ಟು ದಿನಾ ಇರ್ಲಿ, ನಾ ಏನೂ ಅನ್ನೂದಿಲ್ಲ."

ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹಬ್ಬವಾದ ಮೇಲೆ ತವರಿಗೆ ಹೋಗುವುದು ಮದುವೆ ಮುಗಿದ ಮೇಲೆ ಊಟಕ್ಕೆ ಹೋದಂತೆ ಎಂದು ಅವರಿಗೆ ಹೊಳೆಯಲಿಲ್ಲ, ಅಷ್ಟೇ. ಬೇಡ ಮಾವಾರ, ಯಂತ್ರ ವಾಪಸ್ ಒಯ್ಯುತ್ತೇನೆ, ತಂಗಿಯನ್ನು ಕಳಿಸಿರಿ ಎಂದು ಹೇಳಬೇಕಿತ್ತು. ಸಿದ್ದಲಿಂಗೇಶ ಹೇಳಲಿಲ್ಲ. ರಸೀದಿಯ ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ವಿದ್ಯಾಶ್ರೀ ಅಣ್ಣನನ್ನು ಊಟಕ್ಕೆಂದು ಅಡುಗೆಮನೆಗೆ ಕರೆದಳು. ತಾಟು ಹಾಕಿ, ಬಡಿಸಿ, ಎದುರಿಗೆ ಕುಳಿತಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ಇದನ್ನ ಮಾರಿದ್ರ ನಿನ್ನ ನೌಕರಿ ಉಳೀತೈತೇನು?"

ಅವನು ತಲೆ ಆಡಿಸಿದ.

"ಮಾರಲಿಲ್ಲಂದ್ರ?"

"ಈ ತಿಂಗಳಿಗೆ ಮುಗೀತು."

ಅವಳು ಒಲೆಯ ಕಡೆ ತಿರುಗಿ ಬೆಂಕಿ ಸರಿಮಾಡಿದಳು. ಬೇಡವೆನ್ನಲಿ, ಜಗಳ ತೆಗೆಯಲಿ, ನಾನು ಬಂದೇ ಬರುತ್ತೇನೆ ಎಂದು ಅಳಲಿ ಎಂದು ಸಿದ್ದಲಿಂಗೇಶ ಒಳಗೊಳಗೇ ಬೇಡಿಕೊಂಡ. ಅವಳು ಅತ್ತಿದ್ದರೆ ಅವನು ಎದ್ದು ಯಂತ್ರ ಹೊತ್ತುಕೊಂಡು ಬರುತ್ತಿದ್ದನೋ ಏನೋ. ತನಗೆ ಇಲ್ಲದ ಧೈರ್ಯವನ್ನು ತಂಗಿ ತೋರಿಸಲಿ ಎಂದು ಕಾಯುತ್ತಿದ್ದ.

"ಅವ್ವಗ ನಮ್ಮತ್ತಿಗೆ ಭಾಳ ಆರಾಮಿಲ್ಲ ಅಂತ ಹೇಳು," ಎಂದಳು ವಿದ್ಯಾಶ್ರೀ. "ಯಂತ್ರದ ಸುದ್ದಿ ಹೇಳಬ್ಯಾಡ. ಆಕಿಗೆ ತಡ್ಯಾಂಗಿಲ್ಲ." ಆಮೇಲೆ ಎದ್ದು ಹೋಗಿ ಬಾಗಿಲ ಬಳಿಯಿದ್ದ ಬ್ಯಾಗನ್ನು ಒಳಗೆ ತೆಗೆದಿಟ್ಟು, ಒಳ್ಳೆಯ ಸೀರೆ ಬಿಚ್ಚಿ ದಿನದ ಸೀರೆ ಉಟ್ಟುಕೊಂಡು ಬಂದಳು. ಹೂವನ್ನು ತೆಗೆಯಲು ಮರೆತಿದ್ದಳು.

ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಸಿದ್ದಲಿಂಗೇಶ ವಿಶಾಲನಿಗೆ ಫೋನು ಮಾಡಿದ. ವಿಶಾಲ ಕೂಗಿದ್ದು ಕಿವಿ ಗಡಚಿಕ್ಕಿತು. ಗುಂಪಿನಲ್ಲಿ ಚಪ್ಪಾಳೆಗಳ ಮಳೆ ಬಿತ್ತು, ಒಂದು ದಿನವೂ ಮಾತಾಡಿಸದವರು ಹುಲಿ ಎಂದರು. ಒಂದು ಗಳಿಗೆ ಅವನಿಗೆ ನಿಜವಾಗಿಯೂ ಸಂತೋಷವಾಯಿತು, ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಸಂತೋಷಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ರಸ್ತೆಯ ಬದಿಗೆ ಕುಳಿತು ತಂಗಿ ಬಡಿಸಿದ್ದನ್ನೆಲ್ಲ ಕಾರಿಕೊಂಡ.

ಮನೆಯಲ್ಲಿ ಸುಮಿತ್ರವ್ವ ಬಾಗಿಲಲ್ಲೇ ನಿಂತಿದ್ದಳು. ಬೈಕಿನ ಹಿಂದೆ ನೋಡಿದಳು, ಬೀದಿಯ ತುದಿಯವರೆಗೆ ನೋಡಿದಳು.

"ಬಸ್ಸಿನ್ಯಾಗ ಬರಾಕತ್ತಾಳೇನು?"

"ಇಲ್ಲವ್ವ. ಅವರತ್ತಿಗೆ ಆರಾಮಿಲ್ಲಂತ."

"ಭಾಳ ಐತೇನು? ಹಂಗಿದ್ರ ನಾನರ ಹೋಗಿ ಮಾತಾಡಿಸಿಕೊಂಡು ಬರ್ತೀನಿ. ಬೀಗಿತ್ತಿ ಮಲಗ್ಯಾಳ ಅಂದ್ರ ಮನ್ಯಾಗ ಕುಂಡ್ರಾಕ ಆಗತೈತೇನು?"

"ಏನೂ ಬ್ಯಾಡ," ಎಂದು ಅವನು ಗದರಿಸಿದ. ಅವ್ವನ ಮೇಲೆ ಅವನು ಹಾಗೆ ಎಂದೂ ದನಿ ಎತ್ತಿದವನಲ್ಲ. ಸುಮಿತ್ರವ್ವ ಮತ್ತೇನೂ ಕೇಳದೆ ಒಳಗೆ ಹೋದಳು. ಹೊಸ ನೌಕರಿಯ ತ್ರಾಸು ಮಗನ ತಲೆ ಕೆಡಿಸಿದೆ ಎಂದುಕೊಂಡಳು. ಅದೇನೂ ಸುಳ್ಳಲ್ಲ.

ಪಂಚಮಿಯ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿಯ ಹತ್ತಿರ ಸೇರಿದ್ದರು, ಅವರ ನಗು ಮನೆಯೊಳಗೆ ಕೇಳುತ್ತಿತ್ತು. ಸುಮಿತ್ರವ್ವ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಮಗಳ ಪಾಲಿನದೂ ಎಂದು ಹೇಳಿ ಎರೆದಳು. ಆಗ ವಿಶಾಲನ ಫೋನು ಬಂತು.

"ಗಿರಾಕಿ ವಿಡಿಯೋ ಎಲ್ಲೈತಿ? ವಿಡಿಯೋ ಇಲ್ಲಂದ್ರ ಮಾರಿದ್ದು ಲೆಕ್ಕಕ್ಕ ಬರೂದಿಲ್ಲ. ಯಂತ್ರ ಹೆಂಗೈತಿ ಅಂತ ನಕ್ಕೋತ ಹೇಳಬೇಕು. ಅಂದಂಗ, ಸಂಬಂಧಿಕರೇನು ಅವರು? ಸಂಬಂಧಿಕರಿಗೆ ಮಾರಿದ್ದನ್ನ ಮ್ಯಾಲಿನವ್ರು ಲೆಕ್ಕಕ್ಕ ಹಿಡಿಯಾಂಗಿಲ್ಲ ನೋಡು. ಅಂಥಾ ಯಂತ್ರ ತಿಂಗಳಾದ ಮ್ಯಾಲ ವಾಪಸ್ ಬರ್ತಾವ."

"ಸಂಬಂಧಿಕರಲ್ರಿ ಸರ್ರ," ಎಂದ ಸಿದ್ದಲಿಂಗೇಶ. "ಕಿರಾಣಿ ಅಂಗಡಿಯವರು."

ತಂಗಿಗೆ ಫೋನು ಮಾಡಿ ಮಾತಾಡಲು ಅವನಿಗೆ ಮುಖವಿರಲಿಲ್ಲ. ಏನು ಹೇಳಬೇಕೆಂದು ಬರೆದು ಕಳಿಸಿದ. ನಗಬೇಕು ಎಂದೂ ಬರೆದ. ಬಹಳ ಹೊತ್ತು ಉತ್ತರ ಬರಲಿಲ್ಲ. ಬಾರದಿದ್ದರೇ ಒಳ್ಳೆಯದು ಎಂದು ಒಂದು ಸಲ ಅನಿಸಿತು, ಬಾರದಿದ್ದರೆ ಏನು ಗತಿ ಎಂದು ಹತ್ತು ಸಲ ಅನಿಸಿತು. ಕೊನೆಗೆ ವಿಡಿಯೋ ಬಂತು.

ವಿದ್ಯಾಶ್ರೀ ಯಂತ್ರದ ಮುಂದೆ ಕುಳಿತಿದ್ದಳು. ಹಿಂದೆ ಗೋಡೆಗೊರಗಿಸಿದ ರೊಟ್ಟಿಗಳು ಅವಳ ಹೆಗಲಿಗಿಂತ ಎತ್ತರವಿದ್ದವು. ಹಣೆಗೆ ಹಿಟ್ಟು ಹತ್ತಿತ್ತು, ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು. ಅವಳು ನಗುತ್ತ, ಅವನು ಬರೆದದ್ದನ್ನು ಒಂದು ಮಾತೂ ಬಿಡದೆ ಹೇಳಿದಳು: "ಈ ಯಂತ್ರ ತಗೊಂಡ ಮ್ಯಾಲ ಭಾಳ ಅನುಕೂಲ ಆಗೇತಿ. ಹಬ್ಬದ ಕೆಲಸ ಏನೂ ಅನಸಲಿಲ್ಲ. ನೀವೂ ತಗೋರಿ." ಅಲ್ಲಿಗೆ ಮುಗಿಯಬೇಕಿತ್ತು. ಅವಳು ಫೋನಿನ ಹತ್ತಿರ ಬಗ್ಗಿ, ಬೇರೆ ದನಿಯಲ್ಲಿ ಕೇಳಿದಳು: "ಇಷ್ಟ ಸಾಕೇನಣ್ಣ? ಅವ್ವ ಏನ್ ಮಾಡಾಕತ್ತಾಳ?"

ಸಿದ್ದಲಿಂಗೇಶ ಅದನ್ನು ನೋಡಿದ, ಮತ್ತೆ ನೋಡಿದ. ಆಮೇಲೆ ಹೆಬ್ಬೆರಳಿನಿಂದ ವಿಡಿಯೋದ ತುದಿಯನ್ನು ಹಿಡಿದು ಹಿಂದಕ್ಕೆ ಎಳೆದ. ನೀವೂ ತಗೋರಿ ಎಂಬಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಕತ್ತರಿಸಿದ. ಸರಿಯಾಗಿ ಹೋಯಿತೋ ಇಲ್ಲವೋ ಎಂದು ಪರೀಕ್ಷಿಸಲು ಇನ್ನೊಮ್ಮೆ ಹಚ್ಚಿದ.

ಒಳಗೆ ಪಾತ್ರೆಗಳ ಸದ್ದು ನಿಂತಿತು. ಸುಮಿತ್ರವ್ವ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದಳು.

"ವಿದ್ಯಾನ ಧ್ವನಿ ಅಲ್ಲೇನು ಅದು?"

"ಅಲ್ಲವ್ವ," ಎಂದ ಸಿದ್ದಲಿಂಗೇಶ. "ಯಾರೋ ಗಿರಾಕಿ."

ಅವ್ವ ಒಳಗೆ ಹೋ‌ಗುವವರೆಗೆ ಕಾದು, ವಿಡಿಯೋವನ್ನು ಗುಂಪಿಗೆ ಕಳಿಸಿದ.